ಡ್ಯಾಫ್ಟ್ ಪಂಕ್ ಜೋಡಿಯ ‘ಡಿಸ್ಕವರಿ’: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ಯಾರಿಸ್‌ನ ತೋಮಾ ಬಾಂಗಾಲ್ಟೇರ್ ಮತ್ತು ಗೀ-ಮಾನುಯೆಲ್ ದ ಓಮೆಮ್ ಕ್ರಿಸ್ಟೋ ಸೇರಿ ಕಟ್ಟಿದ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಡ್ಯಾಫ್ಟ್ ಪಂಕ್. ಇವರ ಎರಡನೇ ಆಲ್ಬಂ ‘ಡಿಸ್ಕವರಿ’ 2001ರಲ್ಲಿ ಬಂತು. ಒಟ್ಟು 14 ಟ್ರ್ಯಾಕ್, ಒಂದು ಗಂಟೆಯಷ್ಟು ಸಂಗೀತ. ಈ ಸಲದ ಸಂಗೀತ ಅಂಕಣವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇವೆ. ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ‘ಇದನ್ನು ಹೇಗೆ ಮಾಡಿದರು’ ಎಂದು ಕೇಳುವವು. ಹಾಗಾಗಿ ಉತ್ತರಗಳೂ ಹೆಚ್ಚಾಗಿ ಆ ಕಡೆಗೇ ವಾಲಿವೆ.

ಮೊದಲ ಆಲ್ಬಂ ಗೆದ್ದಿತ್ತಲ್ಲ, ಎರಡನೆಯದರಲ್ಲಿ ಆ ದಾರಿ ಬಿಟ್ಟದ್ದೇಕೆ? (ಹುಬ್ಬಳ್ಳಿ)

1997ರ ಜನವರಿಯಲ್ಲಿ ಬಂದ ಮೊದಲ ಆಲ್ಬಂ ‘ಹೋಮ್‌ವರ್ಕ್’ ಒರಟಾದ ಕ್ಲಬ್ ಸಂಗೀತ. ಅದರಲ್ಲಿ ಡ್ರಮ್ ಮೆಷಿನ್ನಿನದೇ ಮೇಲುಗೈ, ಮಾತು ಕಡಿಮೆ. ಬಿಡಿಬಿಡಿಯಾಗಿ ಮಾಡಿದ ಟ್ರ್ಯಾಕ್‌ಗಳನ್ನು ಆಮೇಲೆ ಒಂದು ಆಲ್ಬಂ ಆಗಿ ಜೋಡಿಸಿದ್ದರು. ‘ಡಿಸ್ಕವರಿ’ಯನ್ನು ಮಾತ್ರ ಶುರುವಿನಿಂದಲೇ ಒಂದು ಆಲ್ಬಂ ಎಂದು ಯೋಚಿಸಿ ಕಟ್ಟಿದರು. ಇಬ್ಬರೂ ಹುಟ್ಟಿದ್ದು 1974-75ರಲ್ಲಿ. ಹುಡುಗರಾಗಿದ್ದಾಗ ಕೇಳಿದ ಡಿಸ್ಕೋ, ಸಾಫ್ಟ್ ರಾಕ್, ಸಿಂತ್ ಪಾಪ್, ಗಿಟಾರ್ ಸೋಲೋ ಎಲ್ಲವನ್ನೂ ‘ಇದು ಒಳ್ಳೆಯ ಅಭಿರುಚಿಯೋ ಅಲ್ಲವೋ’ ಎಂದು ತೂಗಿ ನೋಡದೆ, ಆ ವಯಸ್ಸಿನ ಕಿವಿಯಲ್ಲೇ ಮತ್ತೆ ಕೇಳಬೇಕೆಂಬುದು ಅವರ ಹಂಬಲ. ಬಾಂಗಾಲ್ಟೇರ್ ಅವರ ತಂದೆ ಡೇನಿಯಲ್ ವಾಂಗಾರ್ಡ್ ಸ್ವತಃ ಡಿಸ್ಕೋ ನಿರ್ಮಾಪಕರು. ಆ ಸಂಗೀತ ಮನೆಯಲ್ಲೇ ಇತ್ತು.

ಕೆಲಸ ನಡೆದದ್ದು 1998ರಿಂದ 2000ದವರೆಗೆ, ಬಾಂಗಾಲ್ಟೇರ್ ಅವರ ಮನೆಯ ಸ್ಟುಡಿಯೋದಲ್ಲಿ. ಆಲ್ಬಮ್ಮಿನ ಮೊದಲ ಹಾಡು ‘ಒನ್ ಮೋರ್ ಟೈಮ್’ 1998ರಲ್ಲೇ ಸಿದ್ಧವಾಗಿತ್ತು, ಹೊರಗೆ ಬಂದದ್ದು 2000ದ ನವೆಂಬರಿನಲ್ಲಿ. ಸಿದ್ಧವಾದ ಹಾಡನ್ನು ಎರಡು ವರ್ಷ ಕಪಾಟಿನಲ್ಲಿ ಇಡುವುದಕ್ಕೆ ಗಟ್ಟಿ ಮನಸ್ಸು ಬೇಕು. ಆಲ್ಬಮ್ಮಿಗೆ ಒಂದೇ ಮುಖ ಬಂದದ್ದಕ್ಕೆ ಈ ತಾಳ್ಮೆಯೂ ಒಂದು ಕಾರಣವೆಂದು ನಮ್ಮ ಭಾವನೆ.

ಹಳೆಯ ಹಾಡಿನ ತುಣುಕು ತೆಗೆದು ಲೂಪ್ ಮಾಡಿದರೆ ಅದು ಹಳೆಯ ಹಾಡೇ ಆಗಿ ಕೇಳುತ್ತದೆ. ಇವರದು ಹೊಸ ಹಾಡಾದದ್ದು ಹೇಗೆ? ನನ್ನ ಲ್ಯಾಪ್‌ಟಾಪಿನಲ್ಲಿ ಮಾಡಲು ಹಂತಗಳನ್ನು ಹೇಳಿ. (ಶಿವಮೊಗ್ಗ)

ಕಿವಿಗೊಟ್ಟು ಕೇಳಿದರೆ ಎರಡು ಬೇರೆ ಬೇರೆ ವಿಧಾನ ಕಾಣುತ್ತವೆ. ‘ಡಿಜಿಟಲ್ ಲವ್’ನಲ್ಲಿ ಜಾರ್ಜ್ ಡ್ಯೂಕ್ ಅವರ 1979ರ ಹಾಡಿನ ಒಂದು ತುಣುಕು ಹೆಚ್ಚುಕಡಿಮೆ ಇದ್ದ ಹಾಗೇ ಇದೆ, ಅದರ ಮೇಲೆ ಹೊಸ ಹಾಡು ಬೆಳೆದಿದೆ. ‘ಒನ್ ಮೋರ್ ಟೈಮ್’ನಲ್ಲಿ ಹಾಗಲ್ಲ. ಎಡ್ಡಿ ಜಾನ್ಸ್ ಅವರ 1979ರ ಡಿಸ್ಕೋ ಹಾಡಿನ ಕಹಳೆಗಳನ್ನು ಸಣ್ಣ ಸಣ್ಣ ಚೂರು ಮಾಡಿ, ಕ್ರಮ ಬದಲಿಸಿ ಹೊಲಿದಿದ್ದಾರೆ. ಮೂಲ ಹಾಡು ಎದುರಿಗಿದ್ದರೂ ಈ ರಾಗದ ಸಾಲು ಅದರಲ್ಲಿ ಸಿಗುವುದಿಲ್ಲ. ನೀವು ಕಲಿಯಬೇಕಾದದ್ದು ಈ ಎರಡನೇ ವಿಧಾನ.

ಮೊದಲು ಪ್ರಾಜೆಕ್ಟಿನ ವೇಗವನ್ನು 123 ಬಿಪಿಎಂಗೆ (ನಿಮಿಷಕ್ಕೆ 123 ಬೀಟ್) ಇಡಿ. ‘ಒನ್ ಮೋರ್ ಟೈಮ್’ನ ವೇಗ ಅಷ್ಟೇ. ಆಗ ಒಂದು ಬೀಟ್ 488 ಮಿಲಿಸೆಕೆಂಡ್, ನಾಲ್ಕು ಬೀಟಿನ ಒಂದು ಬಾರ್ ಎರಡು ಸೆಕೆಂಡಿಗೆ ಸ್ವಲ್ಪ ಕಡಿಮೆ. ಮೂಲ ಹಾಡಿನಿಂದ ಎರಡು ಅಥವಾ ನಾಲ್ಕು ಬಾರ್ ಆರಿಸಿಕೊಳ್ಳಿ. ಹಾಡುಗಾರನ ದನಿ ಇಲ್ಲದ ಜಾಗವಾದರೆ ಒಳ್ಳೆಯದು. ಆಮೇಲೆ ಅದನ್ನು ಎಳೆದು ಹಿಗ್ಗಿಸಿ ವೇಗ ಹೊಂದಿಸಲು ಹೋಗಬೇಡಿ. 1979ರಲ್ಲಿ ಡ್ರಮ್ ಬಾರಿಸಿದವರು ಮನುಷ್ಯರು, ಒಂದು ಬಾರಿನಿಂದ ಇನ್ನೊಂದಕ್ಕೆ ವೇಗ ಕೂದಲೆಳೆಯಷ್ಟು ಬದಲಾಗಿರುತ್ತದೆ. ಪೂರ್ತಿ ತುಣುಕನ್ನು ಹಿಗ್ಗಿಸಿದರೆ ಪ್ರತಿ ಪೆಟ್ಟಿನ ಮೊನೆ ಮೊಂಡಾಗಿ ಕೇಳುತ್ತದೆ. ಅದರ ಬದಲು ಪ್ರತಿ ಬೀಟಿನ ಮೊದಲಲ್ಲಿ, ಬೇಕಾದರೆ ಅರ್ಧ ಬೀಟಿಗೂ ಒಮ್ಮೆ, ಕತ್ತರಿಸಿ 8 ಅಥವಾ 16 ಚೂರು ಮಾಡಿ. ಪ್ರತಿ ಚೂರನ್ನೂ ಕೀಬೋರ್ಡಿನ ಒಂದೊಂದು ಕೀಲಿಗೆ ಹಾಕಿ, ಹೊಸ ವೇಗಕ್ಕೆ ಬೆರಳಿನಲ್ಲೇ ನುಡಿಸಿ. ಕತ್ತರಿಸಿದ ತುದಿಯಲ್ಲಿ ‘ಟಿಕ್’ ಎಂದರೆ ಅಲೆ ಸೊನ್ನೆಯಲ್ಲಿಲ್ಲ ಎಂದರ್ಥ. ತುದಿಯಲ್ಲಿ ದನಿಯನ್ನು ಮೆಲ್ಲಗೆ ಏರಿಸಿ ಇಳಿಸುವ 3ರಿಂದ 5 ಮಿಲಿಸೆಕೆಂಡಿನ ಫೇಡ್ ಕೊಟ್ಟರೆ ಹೋಗುತ್ತದೆ.

ಬಹಳ ಜನ ಎಡವುವುದು ಇದಾದ ಮೇಲಿನ ಹಂತದಲ್ಲಿ. ಮೂಲ ತುಣುಕಿನೊಳಗೆ ಆಗಲೇ ಒಂದು ಬೇಸ್ ಗಿಟಾರ್, ತಾಳದ ಗುದ್ದು ಕೊಡುವ ಒಂದು ಕಿಕ್ ಡ್ರಮ್ ಇರುತ್ತವೆ. ಅದರ ಮೇಲೆ ನಿಮ್ಮ ಕಿಕ್ ಹಾಕಿದರೆ ಎರಡೂ ಸೇರಿ ಕೆಸರಾಗುತ್ತದೆ, ಕೆಲವೊಮ್ಮೆ ಒಂದನ್ನೊಂದು ನುಂಗಿ ಕಿಕ್ಕೇ ಮಾಯವಾಗುತ್ತದೆ. ತುಣುಕಿಗೆ ಹೈ-ಪಾಸ್ ಫಿಲ್ಟರ್ ಹಾಕಿ 120ರಿಂದ 150 ಹರ್ಟ್ಸ್ ಕೆಳಗಿನದನ್ನೆಲ್ಲ ತೆಗೆಯಿರಿ. ಬೇಸನ್ನು ನೀವೇ ಹೊಸದಾಗಿ ಬರೆಯಿರಿ. ಹಳೆಯ ತುಣುಕು ಹೊಸ ಹಾಡಾಗುವುದು ಹೆಚ್ಚಾಗಿ ಇಲ್ಲಿಯೇ, ಏಕೆಂದರೆ ಬೇಸ್ ಬದಲಾದರೆ ಅದೇ ಕಹಳೆಯ ಸ್ವರಗಳಿಗೆ ಬೇರೆಯೇ ಅರ್ಥ ಬರುತ್ತದೆ.

ಹಿಂದಿನವರಿಗೆ ಯಂತ್ರವೇ ಕಡಿವಾಣ ಹಾಕುತ್ತಿತ್ತು ಎನ್ನುವುದನ್ನೂ ತಿಳಿದಿರಿ. ಆ ಕಾಲದ ಹೌಸ್ (ಕ್ಲಬ್ಬುಗಳ ನೃತ್ಯ ಸಂಗೀತ) ಸಂಗೀತಗಾರರು ನೆಚ್ಚಿಕೊಂಡಿದ್ದ ಇ-ಮ್ಯೂ ಎಸ್‌ಪಿ-1200 ಸ್ಯಾಂಪ್ಲರಿನಲ್ಲಿ (ದನಿಯ ತುಣುಕು ತುಂಬಿಸಿ ನುಡಿಸುವ ಯಂತ್ರ) ಒಟ್ಟು ಜಾಗ ಸುಮಾರು 10 ಸೆಕೆಂಡ್, ಒಂದು ಚೂರಿಗೆ ಗರಿಷ್ಠ 2.5 ಸೆಕೆಂಡ್. ಜಾಗ ಉಳಿಸಲು ನಿಮಿಷಕ್ಕೆ 33 ಸುತ್ತಿನ ಎಲ್‌ಪಿಯನ್ನು 45 ಸುತ್ತಿನ ವೇಗದಲ್ಲಿ ತಿರುಗಿಸಿ ತುಂಬಿಸಿಕೊಂಡು, ಯಂತ್ರದೊಳಗೆ ಮತ್ತೆ ಕೆಳಗಿಳಿಸುತ್ತಿದ್ದರು. ಆಗ 2.5 ಸೆಕೆಂಡಿನಲ್ಲಿ ಮೂಲದ 3.4 ಸೆಕೆಂಡಿನಷ್ಟು ಹಿಡಿಯುತ್ತಿತ್ತು. ದನಿಗೆ ಮರಳು ಮರಳಾದ ಒಂದು ಅಂಚು ಬರುತ್ತಿತ್ತು, ಅದೂ ಕೇಳುಗರಿಗೆ ಹಿಡಿಸಿತು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಜಾಗದ ಕೊರತೆ ಇಲ್ಲ. ಆದರೂ ‘10 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ’ ಎಂದು ನಿಮಗೆ ನೀವೇ ಗೆರೆ ಹಾಕಿಕೊಂಡು ನೋಡಿ, ಕಿವಿ ಬೇಗ ಪಳಗುತ್ತದೆ.

ಕಿಕ್ ಬಿದ್ದಾಗಲೆಲ್ಲ ಉಳಿದ ಸಂಗೀತ ಒಳಗೆ ಹೋಗಿ ಹೊರಗೆ ಬರುತ್ತದೆ, ಉಸಿರಾಡಿದ ಹಾಗೆ. ನಾನು ಮಾಡಿದರೆ ಬರೀ ದನಿ ಸಣ್ಣದಾಗುತ್ತದೆ. ಏನು ತಪ್ಪು? (ಬೆಂಗಳೂರು)

ಇದಕ್ಕೆ ಸೈಡ್‌ಚೈನ್ ಎನ್ನುತ್ತಾರೆ. ಫ್ರೆಂಚ್ ಹೌಸ್ ಸಂಗೀತದ ಮಾತು ಬಂದಾಗಲೆಲ್ಲ ಅಲೆಸಿಸ್ 3630 ಎಂಬ ಅಗ್ಗದ ಕಂಪ್ರೆಸರಿನ (ದನಿ ಜೋರಾದಾಗ ತಗ್ಗಿಸುವ ಯಂತ್ರ) ಹೆಸರು ಬರುವುದು ಇದೇ ಕಾರಣಕ್ಕೆ. ಕಿಕ್ ಬಿಟ್ಟು ಉಳಿದ ಎಲ್ಲ ಟ್ರ್ಯಾಕ್‌ಗಳನ್ನೂ ಒಂದೇ ಬಸ್ಸಿಗೆ (ಹಲವು ಟ್ರ್ಯಾಕ್ ಕೂಡಿ ಹರಿಯುವ ದಾರಿ) ಕಳಿಸಿ, ಆ ಬಸ್ಸಿನ ಮೇಲೆ ಕಂಪ್ರೆಸರ್ ಹಾಕಿ, ಅದರ ಸೈಡ್‌ಚೈನ್ ಕಿವಿಗೆ ಕಿಕ್ಕನ್ನು ಕೊಡಿ. ರೇಷಿಯೋ (ಎಷ್ಟು ಒತ್ತಬೇಕು) 4:1ರಿಂದ 8:1, ಅಟ್ಯಾಕ್ (ಎಷ್ಟು ಬೇಗ ಒತ್ತಬೇಕು) 1 ಮಿಲಿಸೆಕೆಂಡ್, ತಗ್ಗುವ ಪ್ರಮಾಣ 6ರಿಂದ 8 ಡಿಬಿ (ಡೆಸಿಬೆಲ್) ಬರುವ ಹಾಗೆ ಥ್ರೆಶೋಲ್ಡ್ (ಯಾವ ಮಟ್ಟ ದಾಟಿದರೆ ಒತ್ತಬೇಕು).

ನಿಮ್ಮ ತಪ್ಪು ಬಹುಶಃ ರಿಲೀಸಿನಲ್ಲಿದೆ, ಅಂದರೆ ಒತ್ತಿದ ದನಿ ಮತ್ತೆ ಮೇಲೇಳಲು ಕೊಡುವ ಸಮಯದಲ್ಲಿ. 123 ಬಿಪಿಎಂನಲ್ಲಿ ಎರಡು ಕಿಕ್‌ಗಳ ನಡುವೆ ಇರುವುದೇ 488 ಮಿಲಿಸೆಕೆಂಡ್. ರಿಲೀಸ್ 600 ಇಟ್ಟರೆ ಸಂಗೀತ ಪೂರ್ತಿ ಮೇಲೇಳುವ ಮೊದಲೇ ಮುಂದಿನ ಕಿಕ್ ಬಂದು ಮತ್ತೆ ಒತ್ತುತ್ತದೆ. ಆಗ ಏರಿಳಿತವೇ ಇಲ್ಲ, ದನಿ ಸಣ್ಣದಾಗಿ ಅಲ್ಲೇ ನಿಲ್ಲುತ್ತದೆ. 200ರಿಂದ 300ರ ನಡುವೆ ಇಟ್ಟು, ಮುಂದಿನ ಕಿಕ್ಕಿಗೆ ಸ್ವಲ್ಪ ಮೊದಲು ಸಂಗೀತ ಪೂರ್ತಿ ತೆರೆದುಕೊಳ್ಳುವ ಹಾಗೆ ಕಿವಿಯಿಂದಲೇ ಹೊಂದಿಸಿ. ತೀರಾ ಕಡಿಮೆ, 20-30ಕ್ಕೆ ಇಳಿಸಿದರೆ ಇನ್ನೊಂದು ತೊಂದರೆ: 50 ಹರ್ಟ್ಸ್ ಬೇಸಿನ ಒಂದು ಅಲೆಯೇ 20 ಮಿಲಿಸೆಕೆಂಡ್ ಉದ್ದ. ಕಂಪ್ರೆಸರ್ ತಾಳವನ್ನು ಬಿಟ್ಟು ಕಿಕ್ಕಿನ ಒಂದೊಂದು ಅಲೆಯನ್ನೇ ಹಿಂಬಾಲಿಸಿ ದನಿ ಗೊರಗೊರ ಎನ್ನುತ್ತದೆ.

ಇನ್ನು ಫಿಲ್ಟರ್. ಮೇಲಿನ ಕಂಪನಗಳನ್ನು ತಡೆಯುವ ಲೋ-ಪಾಸ್ ಅನ್ನು 300 ಹರ್ಟ್ಸಿನಿಂದ ಶುರು ಮಾಡಿ 8 ಬಾರಿನಲ್ಲಿ, ಅಂದರೆ 15-16 ಸೆಕೆಂಡಿನಲ್ಲಿ, ಮೆಲ್ಲಗೆ ತೆರೆಯಿರಿ. ಪಕ್ಕದ ಮನೆಯಲ್ಲಿ ನಡೆಯುತ್ತಿದ್ದ ಹಾಡು ಬಾಗಿಲು ತೆರೆದು ನಿಮ್ಮ ಕೋಣೆಗೇ ಬಂದ ಹಾಗಾಗುತ್ತದೆ. ರೆಸೊನೆನ್ಸ್ (ಫಿಲ್ಟರ್ ಕತ್ತರಿಸುವ ಜಾಗದಲ್ಲಿ ದನಿ ಎತ್ತುವ ಗುಂಡಿ) ಜಾಸ್ತಿ ಇಟ್ಟರೆ ಸಿಳ್ಳೆ ಹೊಡೆಯುತ್ತದೆ, ಕಾಲು ಭಾಗಕ್ಕಿಂತ ಹೆಚ್ಚು ಬೇಡ.

ಆಟೋ-ಟ್ಯೂನ್ ಬಳಸಿದ್ದಕ್ಕೆ ಆಗ ಬೈಸಿಕೊಂಡರಂತೆ. ನಾನು ಕರ್ನಾಟಕ ಸಂಗೀತ ಕಲಿತವಳು. ಆ ಯಂತ್ರದ ದನಿ ನನ್ನ ಹಾಡಿಗೆ ಹಾಕಿದರೆ ಗಮಕವೆಲ್ಲ ಚೂರು ಚೂರಾಗುತ್ತದೆ. (ಧಾರವಾಡ)

ಚೂರಾಗುವುದು ಸಹಜ. ಅವರಿಗೆ ಬೇಕಾಗಿದ್ದದ್ದೂ ಆ ಚೂರುಗಳೇ.

ಹಾಡಿದ ಸ್ವರವನ್ನು ತಿದ್ದುವ ತಂತ್ರಾಂಶ ಆಟೋ-ಟ್ಯೂನ್ 1997ರಲ್ಲಿ ಬಂತು. ಮಾಡಿದವರು ಆ್ಯಂಡಿ ಹಿಲ್ಡೆಬ್ರಾಂಡ್, ಅದಕ್ಕೆ ಮೊದಲು ತೈಲ ಶೋಧಕ್ಕಾಗಿ ಭೂಕಂಪನದ ಅಲೆಗಳನ್ನು ವಿಶ್ಲೇಷಿಸುತ್ತಿದ್ದ ಎಂಜಿನಿಯರ್. ತಂತ್ರಾಂಶದಲ್ಲಿ ‘ರೀಟ್ಯೂನ್ ಸ್ಪೀಡ್’ ಎಂಬ ಗುಂಡಿ ಇದೆ: ಹಾಡುಗಾರರ ಸ್ವರ ಸ್ಥಾನ ತಪ್ಪಿದರೆ ಎಷ್ಟು ಬೇಗ ಸರಿಪಡಿಸಬೇಕು ಎಂಬ ಲೆಕ್ಕ. ಅದನ್ನು ಸೊನ್ನೆಗೆ ಇಟ್ಟರೆ ದನಿಗೆ ಜಾರುವ ಅವಕಾಶವೇ ಇಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲು ಹಾರಿದ ಹಾಗೆ ಹಾರುತ್ತದೆ. ‘ಒನ್ ಮೋರ್ ಟೈಮ್’ ಹಾಡಿದ ರೊಮಾಂತನಿ ಸ್ವರದಿಂದ ಸ್ವರಕ್ಕೆ ಜಾರುತ್ತ ಹಾಡುವವರು. ಹಾಡುಗಾರ ಎಷ್ಟು ಜಾರುತ್ತಾನೋ ಮೆಟ್ಟಿಲು ಅಷ್ಟು ಚೆನ್ನಾಗಿ ಕೇಳುತ್ತದೆ. ನೇರ ಸ್ವರ ಹಿಡಿದು ನಿಲ್ಲುವವರ ದನಿಯಲ್ಲಿ ಈ ಪರಿಣಾಮ ಅಷ್ಟು ಹುಟ್ಟುವುದೇ ಇಲ್ಲ. ಆದ್ದರಿಂದ ‘ಹಾಡಲು ಬಾರದವರಿಗೆ ಈ ಯಂತ್ರ’ ಎಂಬ ಮಾತು ಇಲ್ಲಿ ಪೂರ್ತಿ ತಪ್ಪು. ಬಾಂಗಾಲ್ಟೇರ್ ಆಗ ಕೊಟ್ಟ ಉತ್ತರವೂ ನ್ಯಾಯವಾದದ್ದು: ಹಿಂದೆ ಸಿಂತಸೈಜರನ್ನೇ ನಿಷೇಧಿಸಿ ಎಂದು ಕೂಗಿದವರಿದ್ದರು, ಇದೂ ಅಂಥದ್ದೇ.

ನಿಮ್ಮ ಸಮಸ್ಯೆ ಬೇರೆ. ತೋಡಿ ರಾಗದ ಗಾಂಧಾರ ಸ್ವರ ಒಂದು ಬಿಂದುವಿನಲ್ಲಿ ನಿಲ್ಲುವುದಿಲ್ಲ, ತೂಗುತ್ತದೆ. ಯಂತ್ರಕ್ಕೆ ಗೊತ್ತಿರುವುದು 12 ಸ್ವರಗಳ ಮನೆ ಮಾತ್ರ. ತೂಗಾಟವನ್ನು ತಪ್ಪೆಂದು ಓದಿ, ಎರಡು ಮನೆಗಳ ನಡುವೆ ಟಕಟಕ ಹಾರಿಸುತ್ತದೆ. ಅದು ಬೇಡವಾದರೆ ಮೂರು ಕೆಲಸ ಮಾಡಿ. ನಿಮ್ಮ ಶ್ರುತಿಯನ್ನು ಮೊದಲೇ ಹೇಳಿ, ರಾಗದಲ್ಲಿ ಇಲ್ಲದ ಸ್ವರಗಳನ್ನು ಪಟ್ಟಿಯಿಂದ ತೆಗೆದುಹಾಕಿ. ರೀಟ್ಯೂನ್ ಸ್ಪೀಡನ್ನು 40ಕ್ಕಿಂತ ಮೇಲಿಡಿ. ಕಂಪಿತ, ಜಾರು ಬರುವ ಜಾಗಗಳಲ್ಲಿ ತಂತ್ರಾಂಶವನ್ನು ಬೈಪಾಸ್ ಮಾಡಿ, ದೀರ್ಘವಾಗಿ ನಿಲ್ಲುವ ಷಡ್ಜ, ಪಂಚಮಗಳಿಗೆ ಮಾತ್ರ ಬಿಡಿ. ಮೆಟ್ಟಿಲೇ ಬೇಕೆನಿಸಿದರೆ ಮಾತ್ರ ಸೊನ್ನೆ. ಆಗಲೂ ಪೂರ್ತಿ ಹಾಡಿಗೆ ಬೇಡ, ಒಂದು ಸಾಲಿಗೆ ಸಾಕು.

‘ಹಾರ್ಡರ್, ಬೆಟರ್, ಫಾಸ್ಟರ್, ಸ್ಟ್ರಾಂಗರ್’ ಹಾಡಿನ ಮಾತಿನ ಜೋಡಣೆ ಕನ್ನಡದಲ್ಲಿ ಮಾಡಲು ಆಗುತ್ತದೆಯೇ? (ಮಂಗಳೂರು)

ಖಂಡಿತ. ಈ ಹಾಡಿನ ಕಟ್ಟಡವನ್ನು ಹತ್ತಿರದಿಂದ ನೋಡಿ. ಕೆಳಗಿರುವುದು ಎಡ್ವಿನ್ ಬರ್ಡ್‌ಸಾಂಗ್ ಅವರ 1979ರ ಫಂಕ್ ಹಾಡಿನ ತುಣುಕು. ಮೇಲಿನ ಮಾತಿನಲ್ಲಿ 16 ಪುಟ್ಟ ಚೂರುಗಳು, ನಾಲ್ಕು ನಾಲ್ಕರಂತೆ ನಾಲ್ಕು ಸಾಲು. ಮೊದಲ ಸುತ್ತಿನಲ್ಲಿ ಒಂದು ಚೂರು, ಒಂದು ಖಾಲಿ ಜಾಗ, ಮತ್ತೆ ಚೂರು, ಮತ್ತೆ ಖಾಲಿ. ಕೇಳುವವರಿಗೆ ಖಾಲಿ ಜಾಗ ಬರೀ ತಾಳವೆನಿಸುತ್ತದೆ. ಎರಡನೇ ಸುತ್ತಿನಲ್ಲಿ ಒಂದನೇ ಸಾಲಿನ ಖಾಲಿಗಳೊಳಗೆ ಎರಡನೇ ಸಾಲು ಬಂದು ಕೂರುತ್ತದೆ, ಮೂರನೆಯದರೊಳಗೆ ನಾಲ್ಕನೆಯದು. ಅರ್ಥವಿಲ್ಲದೆ ಬಿದ್ದಿದ್ದ ಚೂರುಗಳು ತಟ್ಟನೆ ವಾಕ್ಯವಾಗುತ್ತವೆ. ಜಡೆ ಹೆಣೆದ ಹಾಗೆ. ಇಡೀ ಆಲ್ಬಮ್ಮಿನಲ್ಲಿ ನಮಗೆ ಅತಿ ಹೆಚ್ಚು ಸಂತೋಷ ಕೊಡುವ ಜಾಗ ಇದು.

ಕನ್ನಡದಲ್ಲಿ ಎರಡು ಮಾತ್ರೆ, ಮೂರು ಮಾತ್ರೆಯ ಪದಗಳಿಗೆ ಬರವಿಲ್ಲ. ಒಂದನೇ ಸಾಲಿಗೆ ನಾಮಪದ, ಎರಡನೆಯದಕ್ಕೆ ಕ್ರಿಯಾಪದ ಇಟ್ಟರೆ ಹೆಣೆದಾಗ ವಾಕ್ಯ ತಾನಾಗಿ ಬರುತ್ತದೆ. ಪ್ರತಿ ಪದವನ್ನೂ ಬೇರೆ ಬೇರೆಯಾಗಿ ಧ್ವನಿಮುದ್ರಿಸಿ, ಒಂದು ಬೀಟಿಗೆ ಮೀರದಂತೆ ಕತ್ತರಿಸಿ. ಸಾಲು ಪೂರ್ತಿ ಹೇಳಿ ಆಮೇಲೆ ಕತ್ತರಿಸಿದರೆ ಪದದ ಬಾಲ ಮುಂದಿನದಕ್ಕೆ ಅಂಟಿರುತ್ತದೆ, ಹೆಣೆಯಲು ಬರುವುದಿಲ್ಲ.

ಮಾತನ್ನು ಸಿಂತ್ ದನಿಯಲ್ಲಿ ಆಡಿಸುವ ವೋಕೋಡರ್ ಬಳಸುವಾಗ ಎಚ್ಚರ. ಕ್ಯಾರಿಯರ್ (ಮಾತನ್ನು ಹೊರುವ ದನಿ) ಆಗಿ ಹರಿತವಾದ ಸಾಟೂತ್ ಸಿಂತ್ ಇಡಿ, ಮೆದು ದನಿ ಇಟ್ಟರೆ ಮಾತೇ ಅರ್ಥವಾಗುವುದಿಲ್ಲ. ಬ್ಯಾಂಡ್ (ದನಿಯನ್ನು ಒಡೆದುಕೊಳ್ಳುವ ಪಟ್ಟಿಗಳು) 16ಕ್ಕಿಂತ ಕಡಿಮೆಯಾದರೆ ‘ಲ’ ಮತ್ತು ‘ಳ’ ಒಂದೇ ಥರ ಕೇಳುತ್ತವೆ. ‘ಸ’, ‘ಶ’, ‘ಚ’ ಮಸುಕಾಗುತ್ತವೆ. ಅದಕ್ಕೆ ಮೂಲ ದನಿಯ 5 ಕಿಲೋಹರ್ಟ್ಸ್ ಮೇಲಿನ ಭಾಗವನ್ನು ಮಾತ್ರ ಬೇರೆ ತೆಗೆದು, ಕಡಿಮೆ ದನಿಯಲ್ಲಿ ಬೆರೆಸಿ.

1970ರ ದಶಕದ ಚಿತ್ರಗೀತೆಯೊಂದರ ಎರಡು ಬಾರ್ ಬಳಸಿ ಹಾಡು ಮಾಡಿದ್ದೇನೆ. ಆರೇಳು ಸೆಕೆಂಡಿಗೆ ಅನುಮತಿ ಬೇಡ ಎನ್ನುತ್ತಾರೆ. ನಿಜವೇ? (ಮೈಸೂರು)

ನಿಜವಲ್ಲ. ಇಷ್ಟು ಸೆಕೆಂಡಿನವರೆಗೆ ಮಾಫಿ ಎಂಬ ನಿಯಮ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇಲ್ಲ. ನಿಮಗೆ ಎರಡು ಅನುಮತಿ ಬೇಕು: ಧ್ವನಿಮುದ್ರಿಕೆಯ ಒಡೆತನ ಇರುವ ಕಂಪನಿಯದು ಒಂದು, ಸಂಗೀತ ಮತ್ತು ಸಾಹಿತ್ಯದ ಹಕ್ಕು ಇರುವವರದು ಇನ್ನೊಂದು. ಧ್ವನಿಮುದ್ರಿಕೆಯ ಹಕ್ಕು ಬಿಡುಗಡೆಯಾದ ವರ್ಷದ ಮುಂದಿನ ವರ್ಷದಿಂದ 60 ವರ್ಷ, ಅಂದರೆ 1979ರ ಹಾಡಿಗೆ 2039ರ ಕೊನೆಯವರೆಗೆ. ಸಂಗೀತ, ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮೇಲೆ 60 ವರ್ಷ. ಕವರ್ ಹಾಡಿಗಿರುವ 31-ಸಿ ಕಲಂ ಸ್ಯಾಂಪಲ್ಲಿಗೆ (ಮೂಲ ಧ್ವನಿಮುದ್ರಿಕೆಯಿಂದ ತೆಗೆದ ತುಣುಕಿಗೆ) ಅನ್ವಯಿಸುವುದಿಲ್ಲ, ಅದು ಹೊಸದಾಗಿ ಹಾಡಿ ನುಡಿಸಿದ್ದಕ್ಕೆ ಮಾತ್ರ. ಹಣ ಕಡಿಮೆ ಇದ್ದರೆ ಆ ಎರಡು ಬಾರನ್ನು ಸಂಗೀತಗಾರರಿಂದ ಮತ್ತೆ ನುಡಿಸಿ ಧ್ವನಿಮುದ್ರಿಸಿ. ಆಗ ಮೊದಲ ಅನುಮತಿಯ ಅಗತ್ಯ ಬೀಳುವುದಿಲ್ಲ, ಎರಡನೆಯದು ಬೇಕೇ ಬೇಕು.

‘ಡಿಸ್ಕವರಿ’ಯ ಪುಸ್ತಿಕೆಯಲ್ಲಿ ನಾಲ್ಕು ಹಾಡುಗಳ ಮೂಲ ಹೇಳಿದ್ದಾರೆ. ಎಡ್ಡಿ ಜಾನ್ಸ್ ಹೆಸರು ಅದರಲ್ಲಿ ಇಲ್ಲ. ಅಷ್ಟು ದೊಡ್ಡ ಹಾಡಿನ ಕಹಳೆ ತಮ್ಮ ಧ್ವನಿಮುದ್ರಿಕೆಯಿಂದ ಬಂದದ್ದಾದರೂ ದಶಕಗಳ ಕಾಲ ಅವರಿಗೆ ರಾಯಲ್ಟಿ ಮುಟ್ಟಿರಲಿಲ್ಲ ಎಂದು 2021ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ವರದಿ ಮಾಡಿತು. ಧ್ವನಿಮುದ್ರಿಕೆಯ ಒಡೆತನ ಒಬ್ಬರದು, ಹಾಡಿದವರು ಇನ್ನೊಬ್ಬರು ಆದಾಗ ಹಣ ಒಡೆಯರವರೆಗೆ ಹೋಗಿ ನಿಂತುಬಿಡಬಹುದು. ಅನುಮತಿ ಕೇಳುವಾಗ ಹಾಡಿದವರ ಹೆಸರನ್ನೂ ಪತ್ರದಲ್ಲಿ ಬರೆಸಿ.

ನಾವಿರುವ ನ್ಯೂಜೆರ್ಸಿಗೂ ಈ ಆಲ್ಬಮ್ಮಿಗೂ ನಂಟಿದೆಯಂತೆ? (ಎಡಿಸನ್, ಅಮೆರಿಕ)

ಇದೆ. ‘ಒನ್ ಮೋರ್ ಟೈಮ್’ ಮತ್ತು ಕೊನೆಯ ಹತ್ತು ನಿಮಿಷದ ‘ಟೂ ಲಾಂಗ್’ ಹಾಡಿದ ರೊಮಾಂತನಿ, ‘ಫೇಸ್ ಟು ಫೇಸ್’ ಹಾಡಿದ ಟಾಡ್ ಎಡ್ವರ್ಡ್ಸ್ ಇಬ್ಬರೂ ನ್ಯೂಜೆರ್ಸಿಯವರು. ಎಡ್ವರ್ಡ್ಸ್ ಹಾಡಿನ ದನಿಗಳನ್ನು ಅಕ್ಷರದಷ್ಟು ಸಣ್ಣ ಚೂರು ಮಾಡಿ ಮೊಸಾಯಿಕ್ ನೆಲದ ಹಾಗೆ ಜೋಡಿಸುವುದರಲ್ಲಿ ನಿಪುಣರು. ‘ಫೇಸ್ ಟು ಫೇಸ್’ ಮೂರು ವರ್ಷ ತಡವಾಗಿ, 2004ರಲ್ಲಿ, ಅಮೆರಿಕದ ಕ್ಲಬ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ರೊಮಾಂತನಿ 2013ರಲ್ಲಿ ತೀರಿಕೊಂಡರು. ಆಲ್ಬಮ್ಮಿನ ಮಾಸ್ಟರಿಂಗ್ (ಬಿಡುಗಡೆಗೆ ಮೊದಲು ದನಿಯನ್ನು ಕೊನೆಯದಾಗಿ ಹದ ಮಾಡುವ ಕೆಲಸ) ಮಾಡಿದವರು ಲಂಡನ್ನಿನ ‘ದಿ ಎಕ್ಸ್‌ಚೇಂಜ್’ ಸ್ಟುಡಿಯೋದ ನೀಲೇಶ್ ಪಟೇಲ್ ಎಂಬುದನ್ನೂ ಸೇರಿಸಿ ಹೇಳಬೇಕು.

ಬಂದಾಗ ವಿಮರ್ಶಕರು ಮೆಚ್ಚಲಿಲ್ಲ, ಈಗ ಶ್ರೇಷ್ಠ ಎನ್ನುತ್ತಾರೆ. ನಡುವೆ ಬದಲಾದದ್ದು ಏನು? (ತುಮಕೂರು)

ಮೆಚ್ಚಿದವರೂ ಇದ್ದರು. ಜನ ಅಂತೂ ಕೊಂಡರು: ಆಲ್ಬಂ ಬ್ರಿಟನ್ನಿನಲ್ಲಿ, ಫ್ರಾನ್ಸಿನಲ್ಲಿ 2ನೇ ಸ್ಥಾನದವರೆಗೆ, ಅಮೆರಿಕದಲ್ಲಿ 23ರವರೆಗೆ ಏರಿತು. ‘ಒನ್ ಮೋರ್ ಟೈಮ್’ ಫ್ರಾನ್ಸಿನಲ್ಲಿ ಮೊದಲ ಸ್ಥಾನಕ್ಕೆ ಬಂದರೂ ಅಮೆರಿಕದ ಹಾಟ್ 100 ಹಾಡುಗಳ ಪಟ್ಟಿಯಲ್ಲಿ 61ಕ್ಕೆ ನಿಂತಿತು. ಅಸಮಾಧಾನ ಇದ್ದದ್ದು ‘ಹೋಮ್‌ವರ್ಕ್’ನ ಒರಟುತನ ಬಯಸಿ ಬಂದವರಿಗೆ. ಮಿನುಗುವ ಸಿಂತ್, ‘ಏರೋಡೈನಾಮಿಕ್’ನಲ್ಲಿ ಗಂಟೆ ಬಾರಿಸಿದ ಮೇಲೆ ನುಗ್ಗುವ ಗಿಟಾರ್ ಸೋಲೋ, ‘ಒನ್ ಮೋರ್ ಟೈಮ್’ನ ನಡುವೆ ಕಿಕ್ಕೇ ಇಲ್ಲದೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ತೇಲುವ ಭಾಗ, ಇವೆಲ್ಲ ಅವರಿಗೆ ಅಗ್ಗದ ಸಿಹಿ ಅನಿಸಿದವು. ಸಂಗೀತ ವಿಮರ್ಶೆಯ ಜಾಲತಾಣ ಪಿಚ್‌ಫೋರ್ಕ್ ಆಗ 10ಕ್ಕೆ 6.4 ಅಂಕ ಕೊಟ್ಟಿತ್ತು.

ಕಿವಿ ಬದಲಾಗಲು ಕಾರಣಗಳು ಒಂದರ ಹಿಂದೆ ಒಂದು ಬಂದವು. 2006ರಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ ಬೆಳಕಿನ ಪಿರಮಿಡ್ಡಿನೊಳಗೆ ನಿಂತು ತಮ್ಮ ಆಲ್ಬಂಗಳ ಹಾಡುಗಳನ್ನು ಒಂದಕ್ಕೊಂದು ಬೆಸೆದು ನುಡಿಸಿದರು. ಒರಟು ಮತ್ತು ಸಿಹಿ ಒಂದೇ ಮರದ ಕೊಂಬೆಗಳೆಂದು ಅಲ್ಲಿ ಕೇಳಿದವರಿಗೆ ಗೊತ್ತಾಯಿತು. 2007ರಲ್ಲಿ ಕಾನ್ಯೆ ವೆಸ್ಟ್ ‘ಹಾರ್ಡರ್, ಬೆಟರ್’ ತುಣುಕಿನ ಮೇಲೆ ಕಟ್ಟಿದ ರ್‍ಯಾಪ್ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದೇ ‘ಹಾರ್ಡರ್, ಬೆಟರ್’ನ ವೇದಿಕೆ ರೂಪಕ್ಕೆ 2009ರಲ್ಲಿ ಗ್ರ್ಯಾಮಿ ಸಿಕ್ಕಿತು, ಮೂಲ ಹಾಡು ಬಂದು ಎಂಟು ವರ್ಷವಾದ ಮೇಲೆ. ಅಷ್ಟರಲ್ಲಿ ಆಟೋ-ಟ್ಯೂನ್ ಎಲ್ಲ ರೇಡಿಯೋಗಳ ಮಾಮೂಲಿ ದನಿಯಾಗಿತ್ತು. ರೋಲಿಂಗ್ ಸ್ಟೋನ್ ಪತ್ರಿಕೆ 2020ರ 500 ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ ಇದನ್ನು 236ನೇ ಸ್ಥಾನದಲ್ಲಿ ಇಟ್ಟಿತು. ಪಿಚ್‌ಫೋರ್ಕ್ 2021ರಲ್ಲಿ ತನ್ನ ಹಳೆಯ ಅಂಕ ತಿದ್ದಿ 10ಕ್ಕೆ 10 ಕೊಟ್ಟಿತು. ಅದೇ ವರ್ಷದ ಫೆಬ್ರವರಿಯಲ್ಲಿ ಜೋಡಿ ಬೇರೆಯಾಗಿತ್ತು.

6.4 ಅನ್ಯಾಯದ ಅಂಕವೇ. ಆದರೆ ಆಲ್ಬಂ ಎಲ್ಲೂ ಜಾರಿಲ್ಲ ಎಂದು ನಾವು ಹೇಳುವುದಿಲ್ಲ. ‘ಶಾರ್ಟ್ ಸರ್ಕಿಟ್’ ಸುತ್ತಮುತ್ತ ಕಸುವು ಇಳಿಯುತ್ತದೆ, ‘ಟೂ ಲಾಂಗ್’ ಹೆಸರಿಗೆ ತಕ್ಕಂತೆ ಉದ್ದವಾಯಿತು.

ಈ ಹಾಡುಗಳಿಗೆ ಜಪಾನಿ ಕಾರ್ಟೂನ್ ಸಿನಿಮಾ ಇದೆಯಂತೆ? (ಬೆಳಗಾವಿ)

ಇದೆ, ‘ಇಂಟರ್‌ಸ್ಟೆಲ್ಲಾ 5555’. ಜಪಾನಿನ ಕಾಮಿಕ್ ಕಲಾವಿದ ಲೇಜಿ ಮತ್ಸುಮೊತೊ ಅವರ ಮೇಲ್ವಿಚಾರಣೆಯಲ್ಲಿ ತೋಯೆ ಆ್ಯನಿಮೇಷನ್ ಸ್ಟುಡಿಯೋ ಮಾಡಿದ್ದು, 2003ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಸಂಭಾಷಣೆ ಇಲ್ಲ, ಆಲ್ಬಂ ಮೊದಲಿಂದ ಕೊನೆಯವರೆಗೆ ಅದೇ ಕ್ರಮದಲ್ಲಿ ಓಡುತ್ತದೆ. ಹಾಗಾಗಿ ಭಾಷೆ ಬಾರದ ಮಕ್ಕಳೂ ನೋಡಬಹುದು.

ಮೊದಲ ಸಲ ಕೇಳುವವರು ಯಾವ ಹಾಡಿನಿಂದ ಶುರು ಮಾಡಬೇಕು? (ಕಲಬುರಗಿ)

ಮೊದಲ ನಾಲ್ಕನ್ನು ಕ್ರಮದಲ್ಲೇ ಕೇಳಿ: ‘ಒನ್ ಮೋರ್ ಟೈಮ್’, ‘ಏರೋಡೈನಾಮಿಕ್’, ‘ಡಿಜಿಟಲ್ ಲವ್’, ‘ಹಾರ್ಡರ್, ಬೆಟರ್’. ಶಫಲ್ ಬೇಡ. ಫೋನಿನ ಸ್ಪೀಕರಿನಲ್ಲಿ ಬೇಸ್ ಹಾರಿಹೋಗುತ್ತದೆ, ಸಾಧಾರಣ ಇಯರ್‌ಫೋನ್ ಆದರೂ ಸರಿ. ಆಮೇಲೆ ರಾತ್ರಿ ಹೊತ್ತು ‘ವಾಯೇಜರ್’ ಮತ್ತು ‘ವೆರಿಡಿಸ್ ಕ್ವೋ’ ಕೇಳಿ. ಎರಡನೆಯದರ ಹೆಸರನ್ನು ಬೇಗ ಬೇಗ ಹೇಳಿದರೆ ‘ವೆರಿ ಡಿಸ್ಕೋ’ ಎಂದಾಗುತ್ತದೆ, ಆ ಎರಡು ಪದವನ್ನು ತಿರುಗಿಸಿ ಇಟ್ಟರೆ ಆಲ್ಬಮ್ಮಿನ ಹೆಸರು.